ಎಲ್ಲಿ ತಂಗೋಣ?

ಮಕ್ಕಳೇ, ನಿಮಗೆ ವರ್ಷದಲ್ಲಿ ಮೂರು ರಜೆಗಳು ಬರುತ್ತವೆ. ಓಣಂ ರಜೆ, ಕ್ರಿಸ್ಮಸ್ ರಜೆ, ಮತ್ತೆ ಏಪ್ರಿಲ್ ಮೇ ತಿಂಗಳ ದೊಡ್ಡ ರಜೆ. ರಜೆ ಹತ್ತಿರವಾಯಿತು ಎಂದರೆ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. "ಎಲ್ಲಿಗೆ ಹೋಗೋಣ?" ಒಬ್ಬರು ಅಜ್ಜನ ಮನೆಗೆ ಎನ್ನುತ್ತಾರೆ. ಇನ್ನೊಬ್ಬರು ಕಡಲ ತೀರಕ್ಕೆ ಎನ್ನುತ್ತಾರೆ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಇದೆ. "ಎಲ್ಲಿ ತಂಗೋಣ?" ಈ ಪ್ರಶ್ನೆಯನ್ನು ಹೆಚ್ಚಿನವರು ಕೊನೆಯಲ್ಲಿ ಕೇಳುತ್ತಾರೆ. ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ, ಕೇಳಿ.

ಹಿಂದಿನ ಕಾಲದಲ್ಲಿ ಜನರು ಕಾಲ್ನಡಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ ದೂರದ ಊರುಗಳಿಗೆ ಹೋಗುತ್ತಿದ್ದರು. ಕತ್ತಲಾದರೆ ದಾರಿಯ ಛತ್ರದಲ್ಲಿ ಮಲಗುತ್ತಿದ್ದರು. ಅಲ್ಲಲ್ಲಿ ಅರವಟ್ಟಿಗೆಗಳಿದ್ದವು. ಅಲ್ಲಿ ಬಾಯಾರಿದವರಿಗೆ ನೀರು, ಮಜ್ಜಿಗೆ ಸಿಗುತ್ತಿತ್ತು. ಛತ್ರವಿಲ್ಲದ ಊರಿನಲ್ಲಿ ಯಾವುದಾದರೂ ಮನೆಯ ಜಗಲಿಯೇ ಗತಿ. ಗುರುತಿಲ್ಲದವರು ಬಂದರೂ ಮನೆಯವರು ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತಿದ್ದರು. ಅದರ ನಂತರವೇ "ಯಾವ ಊರು?" ಎಂಬ ಪ್ರಶ್ನೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ಈ ಪದ್ಧತಿ ಇಂದಿಗೂ ಇದೆ. ನಿಮ್ಮ ಮನೆಯಲ್ಲಿಯೂ ಇರಬಹುದು.

ಈಗ ತಂಗಲು ಹಲವು ಬಗೆಯ ಸ್ಥಳಗಳಿವೆ. ಪೇಟೆಯಲ್ಲಿ ಲಾಡ್ಜ್ ಇದೆ. ದೊಡ್ಡ ಹೋಟೆಲು ಇದೆ. ಕಡಲ ಬದಿಯಲ್ಲಿ ರೆಸಾರ್ಟ್ ಇದೆ. ಕೆಲವರು ತಮ್ಮ ಮನೆಯಲ್ಲಿಯೇ ಎರಡು ಮೂರು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುತ್ತಾರೆ. ಇದಕ್ಕೆ ಹೋಂಸ್ಟೇ ಎನ್ನುತ್ತಾರೆ. ಕೇರಳದ ಪ್ರವಾಸೋದ್ಯಮ ಇಲಾಖೆಯವರು ಹೋಂಸ್ಟೇಗಳನ್ನು ನೋಡಿ ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ಮೂರು ದರ್ಜೆ ಕೊಡುತ್ತಾರೆ. ಕಾಯಲಿನಲ್ಲಿ, ಅಂದರೆ ಹಿನ್ನೀರಿನಲ್ಲಿ, ತೇಲುವ ಮನೆಯೂ ಇದೆ. ಅದುವೇ ಹೌಸ್‌ಬೋಟ್. ಇಷ್ಟೊಂದು ಬಗೆ ಇರುವಾಗ ಯಾವುದನ್ನು ಆರಿಸುವುದು? ಹೆಚ್ಚು ಬೆಲೆಯದು ಒಳ್ಳೆಯದೇ? ಚಿತ್ರದಲ್ಲಿ ಚೆಂದ ಕಾಣುವುದು ಒಳ್ಳೆಯದೇ?

ನಮ್ಮ ಮನೆಯವರು ಒಮ್ಮೆ ಇದನ್ನೇ ಆರಿಸಬೇಕಾಯಿತು. ಆ ಕತೆಯನ್ನು ನಿಮಗೆ ಹೇಳುತ್ತೇನೆ.

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಮೂಡು ಬದಿಯ ಗುಡ್ಡಗಳ ನಡುವೆ. ಮನೆಯ ಕೆಳಗೆ ಅಡಿಕೆ ತೋಟ. ತೋಟದ ಅಂಚಿನಲ್ಲಿ ಪಯಸ್ವಿನಿ ಹೊಳೆ. ಈ ಹೊಳೆ ಮುಂದೆ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡು ಪೇಟೆಯ ಬಳಿ ಕಡಲನ್ನು ಸೇರುತ್ತದೆ. ಮನೆಯಲ್ಲಿ ನಾವು ಐದು ಮಂದಿ. ನಾನು, ಮಕ್ಕಳ ಅಪ್ಪ, ಏಳನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ, ಮತ್ತೆ ಅಜ್ಜಿ. ಅವರು ನನ್ನ ಅತ್ತೆಯವರು. ಮಕ್ಕಳ ಜತೆ ಸೇರಿ ನಾನೂ ಅವರನ್ನು ಅಜ್ಜಿ ಎಂದೇ ಕರೆಯುತ್ತೇನೆ.

ಅಜ್ಜಿಗೆ ಆಗ ಎಪ್ಪತ್ತೆಂಟು ವರ್ಷ. ಅವರು ಕಡಲನ್ನು ನೋಡದವರಲ್ಲ. ಬಸ್ಸಿನಲ್ಲಿ ಹೋಗುವಾಗ ದೂರದಿಂದ ನೋಡಿದ್ದರು. ಆದರೆ ಅದರ ಬದಿಯಲ್ಲಿ ಒಂದು ರಾತ್ರಿಯೂ ಕಳೆದವರಲ್ಲ. ತೋಟ, ಹಟ್ಟಿ, ಅಡುಗೆಮನೆ ಇವುಗಳಲ್ಲಿಯೇ ಅವರ ದಿನಗಳು ಹೋಗಿದ್ದವು. ಒಂದು ಸಂಜೆ ಹೊಳೆಯ ಬದಿಯಲ್ಲಿ ಕುಳಿತಿದ್ದಾಗ ಅವರು ಹೇಳಿದರು, "ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೋ ಅಲ್ಲಿ ಒಂದು ರಾತ್ರಿ ಮಲಗಬೇಕು ಅಂತ ಒಂದು ಆಸೆ ಇತ್ತು ನೋಡು."

ಅಜ್ಜಿ ಏನನ್ನೂ ಕೇಳುವವರಲ್ಲ. ಆದ್ದರಿಂದ ಈ ಮಾತು ನಮ್ಮೆಲ್ಲರ ಮನಸ್ಸಿನಲ್ಲಿ ಉಳಿಯಿತು. ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಹೋಗುವುದು ಎಂದು ನಿಶ್ಚಯಿಸಿದೆವು.

ಡಿಸೆಂಬರ್ ಯಾಕೆ ಗೊತ್ತೇ? ನಮ್ಮ ಕರಾವಳಿಗೆ ಜೂನ್ ಒಂದರ ಸುಮಾರಿಗೆ ಮುಂಗಾರು ಮಳೆ ಬರುತ್ತದೆ. ಆಗ ಕಡಲು ಉಕ್ಕುತ್ತದೆ. ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೊಡ್ಡ ದೋಣಿಗಳು ಬಲೆ ಎಳೆಯುವುದನ್ನೇ ಸರಕಾರ ನಿಷೇಧಿಸುತ್ತದೆ. ಅದು ಮೀನುಗಳು ಮರಿ ಮಾಡುವ ಕಾಲವೂ ಹೌದು. ಅಕ್ಟೋಬರ್, ನವೆಂಬರಿನಲ್ಲಿ ಸಂಜೆ ಗುಡುಗು ಮಳೆ. ಏಪ್ರಿಲ್, ಮೇಯಲ್ಲಿ ಬೆವರು ಸುರಿಯುವ ಸೆಕೆ. ಡಿಸೆಂಬರಿನಿಂದ ಫೆಬ್ರವರಿಯ ತನಕ ಗಾಳಿ ತಂಪು, ಕಡಲು ಶಾಂತ. ಆದ್ದರಿಂದ ಸ್ಥಳವನ್ನು ಆರಿಸುವ ಮೊದಲು ಕಾಲವನ್ನು ಆರಿಸಬೇಕು. ಇದು ಮೊದಲನೆಯ ಪಾಠ.

ಎಲ್ಲರೂ ತಮಗೆ ಏನು ಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಬೇಕು ಎಂದು ಮಗಳು ಹೇಳಿದಳು. ಮಗ ದೊಡ್ಡ ಅಕ್ಷರದಲ್ಲಿ "ಈಜುಕೊಳ" ಎಂದು ಬರೆದ. ಮಗಳು "ಕಿಟಕಿಯಿಂದ ಕಡಲು ಕಾಣಬೇಕು, ಇಲ್ಲವೇ ಹೌಸ್‌ಬೋಟ್" ಎಂದು ಬರೆದಳು. ಅವರ ಅಪ್ಪ "ಖರ್ಚು ಕಡಿಮೆ" ಎಂದು ಬರೆದರು. ನಾನು "ಸ್ವಚ್ಛತೆ" ಎಂದು ಬರೆದೆ. ಅಜ್ಜಿ ಮಾತ್ರ ಚೀಟಿಯನ್ನು ಖಾಲಿ ಕೊಟ್ಟರು.

"ನೀವು ಹೋಗಿ ಬನ್ನಿ. ತೋಟಕ್ಕೆ ನೀರು ಬಿಡಲು ಯಾರಾದರೂ ಬೇಕಲ್ಲ" ಎಂದರು.

ನಮಗೆ ಆಶ್ಚರ್ಯವಾಯಿತು. ಆಸೆ ಅವರದೇ. ಈಗ ಬೇಡ ಎನ್ನುತ್ತಿದ್ದಾರೆ. ಮಗಳು ಮೆಲ್ಲನೆ ಅವರ ಬಳಿ ಕುಳಿತು ವಿಚಾರಿಸಿದಳು. ಆಗ ವಿಷಯ ತಿಳಿಯಿತು. ಹಿಂದಿನ ವರ್ಷ ಒಂದು ಮದುವೆಗೆ ಹೋಗಿದ್ದಾಗ ಸಭಾಭವನದ ಬಚ್ಚಲುಮನೆಯಲ್ಲಿ ಅಜ್ಜಿ ಜಾರಿ ಬಿದ್ದಿದ್ದರು. ನೆಲ ನುಣುಪಾಗಿತ್ತು, ಒದ್ದೆಯಾಗಿತ್ತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಎರಡು ತಿಂಗಳು ಮೊಣಕಾಲು ಊದಿಕೊಂಡಿತ್ತು. ಅಂದಿನಿಂದ ಅವರಿಗೆ ಬೇರೆ ಮನೆಯಲ್ಲಿ ರಾತ್ರಿ ಉಳಿಯುವುದೆಂದರೆ ಭಯ. ರಾತ್ರಿ ಎರಡು ಸಲ ಏಳಬೇಕು. ಪ್ರತಿ ಸಲವೂ ಯಾರನ್ನಾದರೂ ಎಬ್ಬಿಸಬೇಕು. "ನಿಮ್ಮ ರಜೆಯ ನಿದ್ದೆ ಯಾಕೆ ಕೆಡಿಸಲಿ?" ಎಂದು ಅಜ್ಜಿ ಕೇಳಿದರು.

ಅಜ್ಜಿಗೆ ಇದ್ದದ್ದು ಕಡಲಿನ ಭಯವಲ್ಲ, ಮೆಟ್ಟಿಲಿನ ಭಯ. ಮಗಳು ಆ ಖಾಲಿ ಚೀಟಿಯನ್ನು ತೆಗೆದುಕೊಂಡು ತಾನೇ ಬರೆದಳು. "ಮೆಟ್ಟಿಲು ಇರಬಾರದು. ಬಚ್ಚಲು, ಶೌಚಾಲಯ ಕೋಣೆಗೆ ತಾಗಿಕೊಂಡೇ ಇರಬೇಕು. ಹಿಡಿದುಕೊಳ್ಳಲು ಕಂಬಿ ಬೇಕು. ಕಡಲಿನ ಸದ್ದು ಕೇಳಬೇಕು." ಆ ಚೀಟಿಯನ್ನು ಎಲ್ಲ ಚೀಟಿಗಳ ಮೇಲೆ ಇಟ್ಟಳು.

ಯೋಚಿಸಿ ನೋಡಿ. ಐದು ಮಂದಿ ಹೊರಟಾಗ ಯಾರ ಚೀಟಿಯನ್ನು ಮೇಲೆ ಇಡಬೇಕು? ಗಟ್ಟಿಯಾಗಿ ಕೇಳುವವರದ್ದೇ? ಹಣ ಕೊಡುವವರದ್ದೇ? ನಡೆಯಲು ಕಷ್ಟಪಡುವವರದ್ದನ್ನು ಮೇಲೆ ಇಟ್ಟರೆ ಉಳಿದವರಿಗೂ ಅನುಕೂಲವೇ ಆಗುತ್ತದೆ. ಮೆಟ್ಟಿಲಿಲ್ಲದ ಮನೆಯಲ್ಲಿ ಚಿಕ್ಕ ಮಗುವೂ ಬೀಳುವುದಿಲ್ಲ. ಇದು ಎರಡನೆಯ ಪಾಠ.

ಚಿತ್ರ ನೋಡಿ, ಫೋನಿನಲ್ಲಿ ಕೇಳಿ ಆರಿಸಬಹುದು. ಆದರೆ ಬಚ್ಚಲಿನ ನೆಲ ಜಾರುತ್ತದೆಯೇ ಎಂದು ಚಿತ್ರ ಹೇಳುವುದಿಲ್ಲ. ಆದ್ದರಿಂದ ಒಂದು ಶನಿವಾರ ಬೆಳಗ್ಗಿನ ಬಸ್ಸು ಹಿಡಿದು ನಾನೂ ಮಗಳೂ ಹೊರಟೆವು. ಮಗಳ ಕೈಯಲ್ಲಿ ಆ ಐದು ಚೀಟಿಗಳು ಮತ್ತು ಒಂದು ಅಳತೆ ಟೇಪು.

ಮೊದಲು ಬೇಕಲದ ಕಡೆಗೆ ಹೋದೆವು. ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್. ಅಲ್ಲಿಯ ಕೋಟೆಯನ್ನು ನೀವು ನೋಡಿರಬಹುದು. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಅದು. ಕೆಂಪು ಕಲ್ಲಿನ ಗೋಡೆಗೆ ತೆರೆಗಳು ಬಂದು ಬಡಿಯುತ್ತವೆ. ಕೋಟೆಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಆದ್ದರಿಂದ ಆ ಕರಾವಳಿಯಲ್ಲಿ ತಂಗುವ ಸ್ಥಳಗಳೂ ಹಲವು.

ನಾವು ನೋಡಿದ ಮೊದಲನೆಯದು ಕಡಲ ಬದಿಯ ಒಂದು ದೊಡ್ಡ ರೆಸಾರ್ಟ್. ಅಂಗಳದಲ್ಲಿ ನೀಲಿ ನೀರಿನ ಈಜುಕೊಳ. ಹಸಿರು ಹುಲ್ಲು. ಗಾಲಿಕುರ್ಚಿ ಹೋಗಲು ಇಳಿಜಾರು ದಾರಿಯೂ ಇತ್ತು. ಮಗಳು ಬಚ್ಚಲುಮನೆಗೆ ಹೋಗಿ ನೋಡಿದಳು. ಕಂಬಿ ಇತ್ತು, ನೆಲ ಒರಟಾಗಿತ್ತು. ಅಜ್ಜಿಯ ಚೀಟಿಗೆ ಪೂರ್ತಿ ಅಂಕ. ಆದರೆ ಬೆಲೆ ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದು ರಾತ್ರಿಯ ಬಾಡಿಗೆಯಲ್ಲಿ ನಮ್ಮ ಮನೆಗೆ ಒಂದು ತಿಂಗಳ ದಿನಸಿ ಬರುತ್ತಿತ್ತು.

ಅಲ್ಲಿ ಮಗಳು ಒಂದು ಪ್ರಶ್ನೆ ಕೇಳಿದಳು. "ಅಮ್ಮಾ, ಈಜುಕೊಳಕ್ಕೆ ಇಷ್ಟು ನೀರು ಎಲ್ಲಿಂದ ಬರುತ್ತದೆ?" ಒಳ್ಳೆಯ ಪ್ರಶ್ನೆ. ಕಡಲ ಬದಿಯ ಹೊಯಿಗೆಯ ನೆಲದಲ್ಲಿ ಸಿಹಿ ನೀರು ಹೇಗೆ ಇರುತ್ತದೆ ಗೊತ್ತೇ? ಮಳೆಯ ನೀರು ಹೊಯಿಗೆಯೊಳಗೆ ಇಳಿಯುತ್ತದೆ. ಅದರ ಕೆಳಗೆ ಕಡಲಿನ ಉಪ್ಪು ನೀರು ಇರುತ್ತದೆ. ಸಿಹಿ ನೀರು ಹಗುರ, ಉಪ್ಪು ನೀರು ಭಾರ. ಆದ್ದರಿಂದ ಸಿಹಿ ನೀರು ಮೇಲೆ ತೇಲಿಕೊಂಡಿರುತ್ತದೆ. ಊರಿನವರ ಬಾವಿಗಳಿಗೆ ಆ ನೀರೇ ಆಧಾರ. ಪಂಪಿನಿಂದ ಅತಿಯಾಗಿ ಎಳೆದರೆ ಸಿಹಿ ನೀರು ತೆಳ್ಳಗಾಗಿ ಅಡಿಯ ಉಪ್ಪು ನೀರು ಮೇಲೆ ಬರುತ್ತದೆ. ಆಗ ಸುತ್ತಲಿನ ಬಾವಿಗಳೂ ಉಪ್ಪಾಗಬಹುದು. ಆದ್ದರಿಂದ ಎಲ್ಲಿ ತಂಗಿದರೂ "ನೀರು ಎಲ್ಲಿಂದ? ಕೊಳೆ ನೀರು ಎಲ್ಲಿಗೆ?" ಎಂದು ಕೇಳಬಹುದು. ಒಳ್ಳೆಯ ಸ್ಥಳದವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಮಳೆನೀರಿನ ಟಾಂಕಿಯನ್ನೋ, ನೀರು ಶುದ್ಧ ಮಾಡುವ ಘಟಕವನ್ನೋ ಸಂತೋಷದಿಂದ ತೋರಿಸುತ್ತಾರೆ.

ಎರಡನೆಯದು ಪೇಟೆಯ ಒಂದು ಲಾಡ್ಜ್. ರೈಲು ನಿಲ್ದಾಣದ ಹತ್ತಿರ. ಹಾಸಿಗೆಯ ಬಟ್ಟೆ ಬೆಳ್ಳಗೆ ಒಗೆದಿತ್ತು. ಬಾಡಿಗೆಯೂ ಕಡಿಮೆ. ರಾತ್ರಿ ರೈಲು ಇಳಿದು ಬೆಳಗ್ಗೆ ಮುಂದೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಸ್ಥಳ ಬೇಡ. ಆದರೆ ಕೋಣೆಗಳು ಎರಡನೆಯ ಮಹಡಿಯಲ್ಲಿದ್ದವು. ಲಿಫ್ಟ್ ಇರಲಿಲ್ಲ. ಕಡಲು ನಾಲ್ಕು ಕಿಲೋಮೀಟರ್ ದೂರ. ಕಿಟಕಿ ತೆರೆದರೆ ಕೇಳುವುದು ಬಸ್ಸಿನ ಹಾರ್ನ್.

ಇಲ್ಲಿ ಒಂದು ಲೆಕ್ಕ ಮಾಡೋಣ. ಒಂದು ಕಡೆ ಎರಡು ಕೋಣೆಗಳಿಗೆ 1,600 ರೂಪಾಯಿ ಎಂದಿಟ್ಟುಕೊಳ್ಳಿ. ಕಡಲಿಗೆ ಹೋಗಿ ಬರಲು ಆಟೋಗೆ 400 ರೂಪಾಯಿ. ಐವರ ಊಟ ತಿಂಡಿಗೆ 1,000 ರೂಪಾಯಿ. ಒಟ್ಟು ಎಷ್ಟಾಯಿತು? ಇನ್ನೊಂದು ಕಡೆ ಎರಡು ಕೋಣೆ, ಊಟ, ತಿಂಡಿ ಎಲ್ಲ ಸೇರಿ 2,800 ರೂಪಾಯಿ. ಕಡಲು ಅಂಗಳದಿಂದ ಐದು ನಿಮಿಷದ ದಾರಿ. ಈಗ ಯಾವುದು ಅಗ್ಗ? ಬಾಡಿಗೆಯನ್ನು ಮಾತ್ರ ನೋಡಿದರೆ ಸಾಲದು. ಎಲ್ಲವನ್ನೂ ಕೂಡಿಸಿ ನೋಡಬೇಕು. ಇದು ಮೂರನೆಯ ಪಾಠ.

ಮಧ್ಯಾಹ್ನದ ಮೇಲೆ ನಾವು ವಲಿಯಪರಂಬಕ್ಕೆ ಹೋದೆವು. ಅದು ಜಿಲ್ಲೆಯ ದಕ್ಷಿಣದ ತುದಿಯಲ್ಲಿದೆ. ಉದ್ದನೆಯ ಸಪೂರ ನೆಲ. ಪಡುವಣ ಬದಿಯಲ್ಲಿ ಕಡಲು, ಮೂಡಣ ಬದಿಯಲ್ಲಿ ಕಾಯಲು. ನಡುವೆ ತೆಂಗಿನ ಮರಗಳು, ಹಂಚಿನ ಮನೆಗಳು. ಸೇತುವೆ ಇರುವುದರಿಂದ ಆಟೋ ಮನೆಯ ಬಾಗಿಲಿಗೇ ಹೋಗುತ್ತದೆ.

ಅಲ್ಲಿ ಒಂದು ಹೋಂಸ್ಟೇ. ಮೂರೇ ಕೋಣೆಗಳು. ಮನೆಯ ಒಡತಿ ಸುಮಾರು ಐವತ್ತು ವರ್ಷದವರು. ಮಗಳು ಅವರನ್ನು ಚೇಚಿ ಎಂದು ಕರೆದಳು. ನಾವು ಪ್ರಶ್ನೆ ಕೇಳುವ ಮೊದಲೇ ಚೇಚಿ ಎರಡು ಪ್ರಶ್ನೆ ಕೇಳಿದರು. "ನಿಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಯಾರು? ಅವರು ರಾತ್ರಿ ಏನು ಊಟ ಮಾಡುತ್ತಾರೆ?"

ಆ ದಿನ ನಾವು ನೋಡಿದ ಮೂರು ಕಡೆಗಳಲ್ಲಿ ಇದನ್ನು ಕೇಳಿದವರು ಅವರೊಬ್ಬರೇ.

ಅಜ್ಜಿ ಮೀನು ತಿನ್ನುವುದಿಲ್ಲ, ರಾತ್ರಿ ಗಂಜಿ ಮಾತ್ರ ಎಂದು ಹೇಳಿದೆ. "ಅದಕ್ಕೆ ಬೇರೆ ಪಾತ್ರೆ ಇದೆ" ಎಂದರು. ಮಗಳು ಟೇಪು ಹಿಡಿದು ಬಚ್ಚಲಿಗೆ ಹೋದಳು. ಶೌಚಾಲಯ ಕೋಣೆಗೆ ತಾಗಿಕೊಂಡೇ ಇತ್ತು. ಆದರೆ ಬಾಗಿಲಲ್ಲಿ ಒಂದು ಮೆಟ್ಟಿಲು. ಅಳೆದಳು. 22 ಸೆಂಟಿಮೀಟರ್. ಗೋಡೆಯಲ್ಲಿ ಕಂಬಿ ಇರಲಿಲ್ಲ. ಮಗಳ ಮುಖ ಸಣ್ಣದಾಯಿತು. ಚೇಚಿ ಅದನ್ನು ಗಮನಿಸಿದರು. ಅಜ್ಜಿಯ ವಿಷಯವನ್ನು ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಆ ಮೆಟ್ಟಿಲನ್ನೇ ನೋಡಿದರು.

"ನನ್ನ ಅಮ್ಮನಿಗೂ ಇದೇ ಕಷ್ಟ ಇತ್ತು" ಎಂದರು. "ನೀವು ಬರಲು ಇನ್ನು ಎರಡು ವಾರ ಇದೆಯಲ್ಲ. ಮೆಟ್ಟಿಲನ್ನು ಇಳಿಜಾರು ಮಾಡಿಸುತ್ತೇನೆ. ಕಂಬಿಯನ್ನೂ ಹಾಕಿಸುತ್ತೇನೆ. ನಾಳೆ ಇನ್ನೊಬ್ಬರ ಅಜ್ಜಿಯೂ ಬರಬಹುದು."

ನಾವು ಅಲ್ಲಿಯೇ ಕೋಣೆ ನಿಶ್ಚಯಿಸಿದೆವು. ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ಹೇಳಿದೆವು. ಅಜ್ಜಿ ಏನೂ ಹೇಳಲಿಲ್ಲ. ಮರುದಿನ ನೋಡಿದರೆ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದರು.

ಡಿಸೆಂಬರಿನ ಕೊನೆಯ ವಾರ ಹೋದೆವು. ಚೇಚಿ ಮಾತು ಉಳಿಸಿಕೊಂಡಿದ್ದರು. ಬಾಗಿಲಲ್ಲಿ ಒರಟು ಸಿಮೆಂಟಿನ ಇಳಿಜಾರು. ಗೋಡೆಗೆ ಗಟ್ಟಿ ಕಂಬಿ. ಅಜ್ಜಿ ಹೋಗಿ ಎರಡು ಕೈಯಿಂದ ಹಿಡಿದು ಎಳೆದು ನೋಡಿದರು. ಅದು ಅಲುಗಲಿಲ್ಲ. ಆಗ ಅವರ ಮುಖದಲ್ಲಿ ನಗು ಕಂಡಿತು.

ಮಗನಿಗೆ ಈಜುಕೊಳ ಸಿಗಲಿಲ್ಲ. ಅವನು ನೇರವಾಗಿ ಕಡಲಿಗೆ ಓಡಲು ಹೊರಟ. ಚೇಚಿಯ ಗಂಡ ಮೀನುಗಾರರು. ಅವರು ಅವನ ಕೈ ಹಿಡಿದು ನಿಲ್ಲಿಸಿದರು. "ಮೊದಲು ನೋಡಲು ಕಲಿ, ಮತ್ತೆ ಇಳಿ" ಎಂದರು. ಅವರು ತೋರಿಸಿದ್ದನ್ನು ನೀವೂ ನೆನಪಿಟ್ಟುಕೊಳ್ಳಿ. ತೆರೆಗಳು ಬಿಳಿ ನೊರೆಯೊಂದಿಗೆ ಒಡೆಯುತ್ತಿರುತ್ತವೆ. ಅವುಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಅಲ್ಲಿಯೇ ಇಳಿಯುತ್ತಾರೆ. ಆದರೆ ದಡಕ್ಕೆ ಬಂದ ನೀರು ಹಿಂದಕ್ಕೆ ಓಡುವ ದಾರಿ ಅದು. ಅದರ ಸೆಳೆತ ಬಲವಾಗಿರುತ್ತದೆ. ಅದರಲ್ಲಿ ಸಿಕ್ಕಿದವರು ಅದಕ್ಕೆ ಎದುರಾಗಿ ಈಜಬಾರದು, ದಣಿದುಬಿಡುತ್ತಾರೆ. ದಡಕ್ಕೆ ಸಮಾನಾಂತರವಾಗಿ, ಬದಿಗೆ ಈಜಬೇಕು. ಆಮೇಲೆ ದಡಕ್ಕೆ ಬರಬೇಕು. ದೊಡ್ಡವರು ಜತೆಯಲ್ಲಿ ಇಲ್ಲದೆ ಮಕ್ಕಳು ನೀರಿಗೆ ಇಳಿಯಲೇಬಾರದು.

ಅವರು ಇನ್ನೊಂದು ವಿಷಯ ಹೇಳಿದರು. ಗಾಳಿಯಿಲ್ಲ, ಮಳೆಯಿಲ್ಲ. ಆದರೂ ಕೆಲವೊಮ್ಮೆ ಕಡಲು ಏಕಾಏಕಿ ಮೇಲೆ ಬಂದು ಮನೆಯಂಗಳಕ್ಕೆ ನುಗ್ಗುತ್ತದೆ. ಮಲಯಾಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಎಂದು ಹೆಸರು. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ದೂರದ ಮಹಾಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ತೆರೆಗಳು ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ದಡಕ್ಕೆ ಬರುವುದರಿಂದ ಹೀಗಾಗುತ್ತದೆ. 2024ರ ಮಾರ್ಚ್ 31ರಂದು ಕೇರಳದ ಹಲವು ತೀರಗಳಲ್ಲಿ ಹೀಗೆಯೇ ಆಯಿತು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರವು ಇಂತಹ ತೆರೆಗಳ ಬಗ್ಗೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಒಳ್ಳೆಯ ತಂಗುದಾಣದವರು ಆ ಎಚ್ಚರಿಕೆಯನ್ನು ಅತಿಥಿಗಳಿಗೆ ತಿಳಿಸುತ್ತಾರೆ.

ಮರುದಿನ ಹೌಸ್‌ಬೋಟಿನಲ್ಲಿ ಎರಡು ಗಂಟೆ ತಿರುಗಿದೆವು. ಮಗಳ ಚೀಟಿಗೂ ನ್ಯಾಯ ಸಿಗಬೇಕಲ್ಲ! ಈ ದೋಣಿಗಳ ಮೂಲ ಹೆಸರು ಕೆಟ್ಟುವಳ್ಳಂ. ಕೆಟ್ಟು ಎಂದರೆ ಕಟ್ಟು, ವಳ್ಳಂ ಎಂದರೆ ದೋಣಿ. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಬಿಗಿದು ಕಟ್ಟುತ್ತಿದ್ದರು. ಹಿಂದೆ ಇವು ಅಕ್ಕಿ, ಸಾಂಬಾರ ವಸ್ತುಗಳನ್ನು ಸಾಗಿಸುತ್ತಿದ್ದವು. ರಸ್ತೆ, ಲಾರಿಗಳು ಬಂದ ಮೇಲೆ ಅವುಗಳಿಗೆ ಕೆಲಸ ಇಲ್ಲದಾಯಿತು. 1990ರ ದಶಕದಲ್ಲಿ ಅವುಗಳನ್ನು ಪ್ರವಾಸಿಗಳ ತೇಲುವ ಮನೆಗಳನ್ನಾಗಿ ಮಾಡಲು ಆರಂಭಿಸಿದರು. ಹತ್ತುವ ಮೊದಲು ನಾವು ಮೂರು ಪ್ರಶ್ನೆ ಕೇಳಿದೆವು. ದೋಣಿಗೆ ಪರವಾನಗಿ ಇದೆಯೇ? ಎಷ್ಟು ಜನರಿಗೆ ಅನುಮತಿ? ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಈ ಪ್ರಶ್ನೆಗಳಿಗೆ ನಾಚಿಕೊಳ್ಳಬೇಡಿ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡ ಒಂದು ಪ್ರವಾಸಿ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ ಹಲವರು ನಿಮ್ಮಂತಹ ಮಕ್ಕಳು.

ರಾತ್ರಿ ಚೇಚಿ ಕಡಲ ಬದಿಯ ದೀಪವನ್ನು ಆರಿಸಿದರು. "ಯಾಕೆ?" ಎಂದು ಮಗ ಕೇಳಿದ. ಆ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ನಮ್ಮ ಜಿಲ್ಲೆಯ ಹೊಯಿಗೆ ದಡಗಳಿಗೆ ಬಂದು ಮೊಟ್ಟೆಯಿಡುತ್ತವೆ. ಸುಮಾರು ಒಂದೂವರೆ ತಿಂಗಳ ನಂತರ ಮರಿಗಳು ಹೊರಬರುತ್ತವೆ. ರಾತ್ರಿಯಲ್ಲಿ ಕಡಲಿನ ಮೇಲಿನ ಆಕಾಶ ನೆಲಕ್ಕಿಂತ ಬೆಳ್ಳಗಿರುತ್ತದೆ. ಮರಿಗಳು ಆ ಬೆಳಕನ್ನು ನೋಡಿ ಕಡಲಿಗೆ ಹೋಗುತ್ತವೆ. ದಡದಲ್ಲಿ ದೊಡ್ಡ ದೀಪ ಉರಿದರೆ ಅವು ದಾರಿ ತಪ್ಪಿ ಮನೆಗಳ ಕಡೆಗೆ, ರಸ್ತೆಯ ಕಡೆಗೆ ಬರುತ್ತವೆ. ಕಡಲ ಬದಿಯ ಮನೆಗೆ ಮನುಷ್ಯರಲ್ಲದ ನೆರೆಹೊರೆಯವರೂ ಇದ್ದಾರೆ ಎಂದು ನಮಗೆ ತಿಳಿಯಿತು.

ಅದಕ್ಕೇ ಕಡಲು, ಕಾಯಲುಗಳ ಅಂಚಿನಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬುದಕ್ಕೆ ನಮ್ಮ ದೇಶದಲ್ಲಿ 1991ರಿಂದ ನಿಯಮಗಳಿವೆ. ವೇಂಬನಾಡ್ ಕಾಯಲಿನ ಒಂದು ದ್ವೀಪದಲ್ಲಿ ನಿಯಮ ಮೀರಿ ಕಟ್ಟಿದ ಒಂದು ದೊಡ್ಡ ರೆಸಾರ್ಟನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2022ರಿಂದ ಕೆಡವಲಾಯಿತು. ಒಳ್ಳೆಯ ದಾರಿಯಲ್ಲಿ ನಡೆದವರೂ ಇದ್ದಾರೆ. 2008ರಲ್ಲಿ ಕೇರಳ ಸರಕಾರ ಕುಮರಕಂ, ಕೋವಳಂ, ತೇಕ್ಕಡಿ, ವಯನಾಡುಗಳಲ್ಲಿ ಒಂದು ಯೋಜನೆ ಆರಂಭಿಸಿತು. ಹೋಟೆಲಿನವರು ತರಕಾರಿಯನ್ನು, ಹಾಲನ್ನು, ಮೀನನ್ನು ಆ ಊರಿನವರಿಂದಲೇ ಕೊಳ್ಳಬೇಕು, ಕೆಲಸವನ್ನು ಊರಿನವರಿಗೆ ಕೊಡಬೇಕು ಎಂಬುದು ಅದರ ಉದ್ದೇಶ. ನಾವು ಕೊಟ್ಟ ಹಣ ಯಾರ ಕೈಗೆ ಹೋಗುತ್ತದೆ ಎಂಬುದೂ ತಂಗುದಾಣ ಆರಿಸುವಾಗ ಕೇಳಬೇಕಾದ ಪ್ರಶ್ನೆಯೇ.

ಈಗ ಅಜ್ಜಿಯ ವಿಷಯಕ್ಕೆ ಬರೋಣ. ಅವರಿಗೆ ಮಲಯಾಳ ಅಷ್ಟಾಗಿ ಬಾರದು. ಚೇಚಿಗೆ ಕನ್ನಡ ಬಾರದು. ಆದರೂ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಮಾತೇ ಮಾತು. ಕಡಲು, ಕಡಲ್. ಉಪ್ಪು, ಉಪ್ಪ್. ಮೀನು, ಮೀನ್. ಗಂಜಿ, ಕಂಜಿ. ಒಂದೇ ಹಾಗಿರುವ ಪದಗಳನ್ನು ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಎರಡು ಕೈಗಳ ಬೆರಳು ಸಾಲದೆ ಮಗನ ಬೆರಳುಗಳನ್ನೂ ಸೇರಿಸಿಕೊಂಡರು.

ಊಟವಾದ ಮೇಲೆ ಅಜ್ಜಿ ಜಗಲಿಯಲ್ಲಿ ಕುಳಿತರು. ಕತ್ತಲಲ್ಲಿ ಕಡಲು ಕಾಣುತ್ತಿರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು. ತುಂಬಾ ಹೊತ್ತು ಸುಮ್ಮನೆ ಕೇಳಿದರು. ಮತ್ತೆ, "ನಮ್ಮ ಪಯಸ್ವಿನಿ ಇಷ್ಟು ದೊಡ್ಡ ದನಿಯಲ್ಲಿ ಮಾತನಾಡಲು ಯಾವಾಗ ಕಲಿತಳು?" ಎಂದರು.

ಬೆಳಗ್ಗೆ ಕಾಫಿ ಕುಡಿಯುವಾಗ ಅಜ್ಜಿ ನಮ್ಮೆಲ್ಲರಿಗೂ ಕೇಳುವ ಹಾಗೆ ಹೇಳಿದರು. "ರಾತ್ರಿ ಎರಡು ಸಲ ಎದ್ದೆ. ಕಂಬಿ ಹಿಡಿದುಕೊಂಡು ನಾನೊಬ್ಬಳೇ ಹೋಗಿ ಬಂದೆ. ಯಾರನ್ನೂ ಎಬ್ಬಿಸಲಿಲ್ಲ."

ಕಡಲನ್ನು ನೋಡಿದ್ದಕ್ಕಿಂತಲೂ ಹೆಚ್ಚಿನ ಸಂತೋಷ ಆ ಮಾತಿನಲ್ಲಿತ್ತು. ಒಂದು ಗಟ್ಟಿ ಕಂಬಿ, ಒಂದು ಇಳಿಜಾರು. ಅಷ್ಟರಿಂದ ಒಬ್ಬ ಹಿರಿಯರಿಗೆ ತಾವು ಯಾರಿಗೂ ಹೊರೆಯಲ್ಲ ಎಂದು ಅನಿಸಿತು. ನೋಡಿ, ಚಂದದ ತಂಗುದಾಣ ಎಂದರೆ ಗಾಜಿನ ಗೋಡೆ, ಬಣ್ಣದ ದೀಪ ಮಾತ್ರವಲ್ಲ. ಬಂದವರು ಯಾರು, ಅವರಿಗೆ ಏನು ಕಷ್ಟ ಎಂದು ಕೇಳುವ ಮನಸ್ಸೂ ಅದರ ಚಂದವೇ. ಅಂತಹ ಮನಸ್ಸು ದೊಡ್ಡ ಹೋಟೆಲಿನಲ್ಲಿಯೂ ಇರಬಹುದು, ಸಣ್ಣ ಮನೆಯಲ್ಲಿಯೂ ಇರಬಹುದು. ಹುಡುಕಬೇಕು.

ಮಕ್ಕಳೇ, ಅತಿಥಿಗಳಿಗೂ ಕೆಲವು ಕರ್ತವ್ಯಗಳಿವೆ. ನಳ್ಳಿಯನ್ನು ಸುಮ್ಮನೆ ಬಿಡಬೇಡಿ. ಕಡಲ ಬದಿಯಲ್ಲಿ ಸಿಹಿ ನೀರು ಎಷ್ಟು ಅಮೂಲ್ಯ ಎಂದು ಈಗ ನಿಮಗೆ ಗೊತ್ತಿದೆ. ಪ್ಲಾಸ್ಟಿಕ್ಕನ್ನು ಹೊಯಿಗೆಯಲ್ಲಿ ಎಸೆಯಬೇಡಿ, ಚೀಲದಲ್ಲಿ ಹಾಕಿ ಹಿಂದೆ ತನ್ನಿ. ಬಲೆ ಸರಿಪಡಿಸುತ್ತಿರುವವರ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಿ. ಕಡಲ ದಡ ನಮಗೆ ಆಟದ ಜಾಗ, ಅವರಿಗೆ ಅದು ಕೆಲಸದ ಜಾಗ. ಹೊರಡುವಾಗ ಹಾಸಿಗೆಯ ಬಟ್ಟೆ ಮಡಚಿ ಇಡಿ. ಅಡುಗೆ ಮಾಡಿದವರಿಗೆ, ನೆಲ ಒರೆಸಿದವರಿಗೆ "ಹೋಗಿ ಬರುತ್ತೇವೆ" ಎಂದು ಹೇಳಿ ಬನ್ನಿ.

ಮುಂದಿನ ರಜೆಯಲ್ಲಿ ಮನೆಯವರು "ಎಲ್ಲಿಗೆ ಹೋಗೋಣ?" ಎಂದು ಕೇಳುವಾಗ ನೀವೂ ಚೀಟಿಗಳನ್ನು ಹಂಚಿರಿ. ಖಾಲಿ ಚೀಟಿ ಕೊಡುವವರು ಯಾರು ಎಂದು ಗಮನಿಸಿರಿ. ಅವರ ಬಳಿ ಕುಳಿತು ಕೇಳಿರಿ. ಪ್ರವಾಸಕ್ಕೆ ಹೋಗದಿದ್ದರೂ ಚಿಂತೆಯಿಲ್ಲ. ಒಂದು ಅಳತೆ ಟೇಪು ತೆಗೆದುಕೊಳ್ಳಿ. ನಿಮ್ಮ ಮನೆಯ ಬಚ್ಚಲಿನ ಮೆಟ್ಟಿಲು ಎಷ್ಟು ಎತ್ತರ ಇದೆ? ಅಲ್ಲಿ ಹಿಡಿದುಕೊಳ್ಳಲು ಏನಿದೆ? ಇವತ್ತು ಸಂಜೆಯೇ ಹೋಗಿ ನೋಡಿರಿ.